250 ಗ್ರಾಂಗಿಂತ ಕಡಿಮೆ ತೂಕದ ಕ್ಯಾಮೆರಾ ಡ್ರೋನ್ ಬರೀ ಆಟಿಕೆಯೇ? ಅದಕ್ಕೆ ಯಾವ ನಿಯಮವೂ ಇಲ್ಲವೇ?

ಒಂದೇ ನೋಟದಲ್ಲಿ

• ಹೇಳಿಕೆ: 250 ಗ್ರಾಂ ಒಳಗಿನ ಡ್ರೋನ್ ಆಟಿಕೆ ಇದ್ದಂತೆ. ಲೈಸೆನ್ಸ್ ಬೇಡ, ಪರ್ಮಿಷನ್ ಬೇಡ, ಎಲ್ಲಿ ಬೇಕಾದರೂ ಹಾರಿಸಬಹುದು.
• ವಾಸ್ತವ: ಅರ್ಧ ಸತ್ಯ. ಪೈಲಟ್ ಪ್ರಮಾಣಪತ್ರದಂಥ ಕೆಲವು ಕಾಗದಪತ್ರಗಳಿಂದ ವಿನಾಯಿತಿ ಇದೆ. ಎಲ್ಲಿ, ಎಷ್ಟು ಎತ್ತರದಲ್ಲಿ, ಯಾರ ತಲೆ ಮೇಲೆ ಎಂಬುದರಲ್ಲಿ ವಿನಾಯಿತಿ ಇಲ್ಲ.
• ಕಾನೂನಿನ ಕಣ್ಣಲ್ಲಿ ಅದು ವಿಮಾನವೇ, ‘ನ್ಯಾನೋ’ ವರ್ಗದ ವಿಮಾನ.

ದೀಪಾವಳಿ ಬಂತೆಂದರೆ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಭಾಗದಲ್ಲಿ ಹೋರಿ ಹಬ್ಬದ ಗದ್ದಲ ಶುರು. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿಗಳು ಅಖಾಡದಲ್ಲಿ ಓಡುತ್ತವೆ. ಎರಡೂ ಬದಿಗೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಕೆಲವು ವರ್ಷಗಳಿಂದ ಈ ಚಿತ್ರಕ್ಕೆ ಇನ್ನೊಂದು ಸೇರಿಕೊಂಡಿದೆ. ಅದು ತಲೆ ಮೇಲೆ ಗುಂಯ್‌ಗುಡುವ ಕ್ಯಾಮೆರಾ ಡ್ರೋನ್. ಮೇಲಿನಿಂದ ತೆಗೆದ ಹೋರಿ ಓಟದ ವಿಡಿಯೋ, ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಮದುವೆ, ಜಾತ್ರೆ, ತೇರು, ರಾಜಕೀಯ ಸಭೆ ಎಲ್ಲ ಕಡೆಯೂ ಇದೇ ಕಥೆ.

ಇದರ ಜೊತೆಗೇ ಒಂದು ಮಾತು ವಾಟ್ಸಾಪ್‌ನಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ಓಡಾಡುತ್ತಿರುತ್ತದೆ: “249 ಗ್ರಾಂ ಡ್ರೋನ್ ತಗೊಳ್ಳಿ, ಯಾವ ರೂಲ್ಸೂ ಇಲ್ಲ.” ಇದನ್ನು ನಂಬಿ ಡ್ರೋನ್ ಕೊಂಡವರಿಗೂ, ಅದರ ಕೆಳಗೆ ನಿಲ್ಲುವ ಜನರಿಗೂ ಸತ್ಯ ತಿಳಿದಿರಬೇಕು. ಹಾಗಾಗಿ ನಾವು ನಿಯಮಗಳ ಪಠ್ಯವನ್ನು ಇಟ್ಟುಕೊಂಡು ಈ ಹೇಳಿಕೆಯನ್ನು ಪರಿಶೀಲಿಸಿದ್ದೇವೆ. ಜೊತೆಗೆ, ಈ ಪುಟ್ಟ ಯಂತ್ರಗಳನ್ನು ಯಾವ ಅಳತೆಗೋಲಿನಿಂದ ವಿಂಗಡಿಸುವುದು ಸರಿ ಎಂಬ ಪ್ರಶ್ನೆಯನ್ನೂ ನೋಡಿದ್ದೇವೆ. ಗೊಂದಲದ ಬೇರು ಇರುವುದೇ ಅಲ್ಲಿ.

ಡ್ರೋನ್ ನಿಜಕ್ಕೂ ವಿಮಾನವೇ?

ಹೌದು. ಭಾರತದ 1934ರ ವಿಮಾನ ಕಾಯ್ದೆ ವಿಮಾನ ಎಂದರೇನು ಎಂದು ಹೇಳುವಾಗ ಗಾತ್ರದ ಮಾತೇ ಎತ್ತಲಿಲ್ಲ. ಗಾಳಿಯ ಪ್ರತಿಕ್ರಿಯೆಯ ಬಲದಿಂದ ವಾತಾವರಣದಲ್ಲಿ ನಿಲ್ಲಬಲ್ಲ ಯಾವುದೇ ಯಂತ್ರ ವಿಮಾನ ಎಂದಿತು. ಬಲೂನು, ಗ್ಲೈಡರ್ ಅಷ್ಟೇ ಅಲ್ಲ, ಗಾಳಿಪಟವನ್ನೂ ಆ ಪಟ್ಟಿಗೆ ಸೇರಿಸಿತ್ತು! ಈ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ. ಮೂಲ ಕಲ್ಪನೆ ಬದಲಾಗಿಲ್ಲ.

ಇದೇ ಪ್ರಶ್ನೆ ಅಮೆರಿಕದಲ್ಲಿ ವಿಚಾರಣೆಗೇ ಹೋಗಿತ್ತು. ರಾಫೇಲ್ ಪಿರ್ಕರ್ ಎಂಬವರು 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಚಾರ ವಿಡಿಯೋಗಾಗಿ ಕ್ಯಾಮೆರಾ ಇದ್ದ ಹಗುರ ಫೋಮ್ ವಿಮಾನ ಹಾರಿಸಿದರು. ಅಜಾಗರೂಕ ಹಾರಾಟ ಎಂದು ಅಲ್ಲಿನ ವಿಮಾನಯಾನ ಆಡಳಿತ 10,000 ಡಾಲರ್ ದಂಡ ಹಾಕಿತು. ಇದು ಮಾದರಿ ವಿಮಾನ, ವಿಮಾನವಲ್ಲ ಎಂದು ಅವರು ವಾದಿಸಿದರು. 2014ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟರು. ಇದನ್ನು ವಿಮಾನ ಎಂದರೆ ಕಾಗದದ ವಿಮಾನವನ್ನೂ ವಿಮಾನ ಎನ್ನಬೇಕಾಗುತ್ತದೆ ಎಂಬುದು ಅವರ ತರ್ಕವಾಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಮೇಲಿನ ಮಂಡಳಿ ಈ ತೀರ್ಪನ್ನು ತಿರುಗಿಸಿತು. ಸಣ್ಣದಾಗಲಿ ದೊಡ್ಡದಾಗಲಿ, ಪೈಲಟ್ ಒಳಗಿರಲಿ ಹೊರಗಿರಲಿ, ಹಾರುವ ಯಂತ್ರ ವಿಮಾನವೇ ಎಂದಿತು. ಕೊನೆಗೆ 2015ರಲ್ಲಿ 1,100 ಡಾಲರ್‌ಗೆ ರಾಜಿಯಾಯಿತು.

ಎಲ್ಲವೂ ವಿಮಾನವೇ ಆದರೆ, ಬೋಯಿಂಗ್ ವಿಮಾನಕ್ಕೂ ಅಂಗೈ ಮೇಲೆ ಕೂರುವ ಡ್ರೋನ್‌ಗೂ ಒಂದೇ ಕಾನೂನು ಹಾಕಲು ಬರುವುದಿಲ್ಲ. ಆದ್ದರಿಂದಲೇ ವರ್ಗೀಕರಣ ಬೇಕಾಯಿತು.

ಭಾರತದಲ್ಲಿ ಡ್ರೋನ್‌ಗಳ 5 ವರ್ಗ

2021ರ ಆಗಸ್ಟ್ 25ರಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ‘ಡ್ರೋನ್ ನಿಯಮಗಳು 2021’ ಪ್ರಕಟಿಸಿತು. ಇದರಲ್ಲಿ ಡ್ರೋನ್‌ಗಳನ್ನು ತೂಕದ ಮೇಲೆ ಹೀಗೆ ವಿಂಗಡಿಸಲಾಗಿದೆ:

• ನ್ಯಾನೋ: 250 ಗ್ರಾಂ ವರೆಗೆ
• ಮೈಕ್ರೋ: 250 ಗ್ರಾಂಗಿಂತ ಹೆಚ್ಚು, 2 ಕೆ.ಜಿ. ವರೆಗೆ
• ಸ್ಮಾಲ್: 2 ಕೆ.ಜಿ.ಗಿಂತ ಹೆಚ್ಚು, 25 ಕೆ.ಜಿ. ವರೆಗೆ
• ಮೀಡಿಯಂ: 25 ಕೆ.ಜಿ.ಗಿಂತ ಹೆಚ್ಚು, 150 ಕೆ.ಜಿ. ವರೆಗೆ
• ಲಾರ್ಜ್: 150 ಕೆ.ಜಿ.ಗಿಂತ ಹೆಚ್ಚು

ನಮ್ಮ ಊರಿನ ಲೆಕ್ಕದಲ್ಲಿ ನೋಡಿದರೆ, ರೀಲ್ಸ್ ಮಾಡುವವರ ಕೈಯಲ್ಲಿರುವ ಮಡಚುವ ಪುಟ್ಟ ಡ್ರೋನ್ ನ್ಯಾನೋ ಆಗಿರಬಹುದು. ಮದುವೆ ವಿಡಿಯೋದವರು ತರುವುದು ಹೆಚ್ಚಾಗಿ ಮೈಕ್ರೋ. ಹೊಲದಲ್ಲಿ ಔಷಧ ಸಿಂಪಡಿಸುವ ಡ್ರೋನ್‌ನ ಟ್ಯಾಂಕ್ ತುಂಬಿದಾಗ ಅದರ ತೂಕ 25 ಕೆ.ಜಿ. ಆಸುಪಾಸಿಗೆ ಬರುವುದರಿಂದ ಅದು ಸ್ಮಾಲ್ ಅಥವಾ ಮೀಡಿಯಂ. ಎಲ್ಲವನ್ನೂ ನಾವು ‘ಡ್ರೋನ್’ ಎಂದೇ ಕರೆಯುತ್ತೇವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಇರುವಷ್ಟು ವ್ಯತ್ಯಾಸ ಇದೆ.

ನ್ಯಾನೋ ಡ್ರೋನ್‌ಗೆ ಏನು ವಿನಾಯಿತಿ ಇದೆ?

• ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿಯ ಡ್ರೋನ್ ಸುರಕ್ಷಿತ ಎಂಬ ಪ್ರಮಾಣಪತ್ರ ಬೇಕಿಲ್ಲ.
• ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ.
• ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ.

ಏನು ವಿನಾಯಿತಿ ಇಲ್ಲ?

• ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು.
• ಹಸಿರು ವಲಯದಲ್ಲೂ 400 ಅಡಿ, ಅಂದರೆ 120 ಮೀಟರ್ ಮೇಲೆ ಹೋದರೆ ಅದು ಹಳದಿ ವಲಯ.
• ಜನರ ಜೀವಕ್ಕೆ, ಆಸ್ತಿಗೆ ಅಪಾಯ ತರುವಂತೆ ಹಾರಿಸುವುದು ಯಾವ ತೂಕದ ಡ್ರೋನ್‌ಗೂ ನಿಷಿದ್ಧ.
• ಮನುಷ್ಯರಿರುವ ವಿಮಾನ, ಹೆಲಿಕಾಪ್ಟರ್ ಬಂದರೆ ಡ್ರೋನ್ ದಾರಿ ಬಿಡಲೇಬೇಕು.
• ನೋಂದಣಿ ಮಾಡಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕೆಂಬ ನಿಯಮದಲ್ಲಿ ತೂಕ ಕಡಿಮೆ ಇದ್ದರೆ ಬೇಡ ಎಂದು ಬರೆದಿಲ್ಲ. ಇದರ ಶುಲ್ಕ 100 ರೂ.

ನಿಯಮ ಮುರಿದರೆ 1 ಲಕ್ಷ ರೂ. ವರೆಗೆ ದಂಡ ಹಾಕಲು ಅವಕಾಶ ಇದೆ. ವಿನಾಯಿತಿ ಇರುವುದು ಕಾಗದಪತ್ರಕ್ಕೆ, ವರ್ತನೆಗೆ ಅಲ್ಲ. ಸೈಕಲ್ ಓಡಿಸಲು ಲೈಸೆನ್ಸ್ ಬೇಡ. ಹಾಗಂತ ಸೈಕಲ್ಲನ್ನು ಜನರ ಮೇಲೆ ಹತ್ತಿಸಬಹುದು ಎಂದು ಅರ್ಥವಲ್ಲ.

249 ಗ್ರಾಂ ಎಂಬ ಬಲೆ

ಕಾನೂನು ಹೇಳುವುದು ಡ್ರೋನ್‌ನ ಖಾಲಿ ತೂಕವನ್ನಲ್ಲ. ಅದರ ಮೇಲೆ ಹೊರಿಸಿದ ವಸ್ತುವೂ ಸೇರಿದ ಗರಿಷ್ಠ ಒಟ್ಟು ತೂಕವನ್ನು. ಡಬ್ಬದ ಮೇಲೆ 249 ಗ್ರಾಂ ಎಂದು ಬರೆದ ಡ್ರೋನ್‌ಗೆ ಫ್ಯಾನಿನ ರಕ್ಷಾಕವಚ ಹಾಕಿದರೆ, ರಾತ್ರಿ ಹಾರಾಟಕ್ಕೆ ಲೈಟ್ ಅಂಟಿಸಿದರೆ, ಹೆಚ್ಚು ಹೊತ್ತು ಹಾರಲೆಂದು ದೊಡ್ಡ ಬ್ಯಾಟರಿ ಹಾಕಿದರೆ 250 ದಾಟಿಬಿಡುತ್ತದೆ. ಆ ಕ್ಷಣಕ್ಕೆ ಅದು ಮೈಕ್ರೋ.

ಇಲ್ಲಿ ಒಂದು ವಿಚಿತ್ರ ಇದೆ. ರಕ್ಷಾಕವಚ ಹಾಕಿದರೆ ರೆಕ್ಕೆ ತಗುಲಿ ಗಾಯವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಆದರೆ ತೂಕದ ಗೆರೆ ದಾಟುವುದರಿಂದ ಅದೇ ಡ್ರೋನ್ ಹೆಚ್ಚು ಕಟ್ಟುನಿಟ್ಟಿನ ವರ್ಗಕ್ಕೆ ಹೋಗುತ್ತದೆ. ತೂಕವೊಂದನ್ನೇ ನೋಡಿದರೆ ಆಗುವ ತೊಂದರೆಗೆ ಇದು ಒಂದು ಉದಾಹರಣೆ.

ಅದೇ ಡ್ರೋನ್, ಭಾನುವಾರ ಒಂದು ವರ್ಗ, ಸೋಮವಾರ ಇನ್ನೊಂದು

ತೂಕದ ಜೊತೆಗೆ ಉದ್ದೇಶವನ್ನೂ ನಿಯಮ ನೋಡುತ್ತದೆ. 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುವ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಡ್ರೋನನ್ನು ‘ಮಾದರಿ’ ಡ್ರೋನ್ ಎಂದು ಕರೆಯಲಾಗಿದೆ. ಇದಕ್ಕೂ ಟೈಪ್ ಸರ್ಟಿಫಿಕೇಟ್ ಬೇಡ. ಹಾಗೆಯೇ 2 ಕೆ.ಜಿ. ವರೆಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ.

ಈಗ ಹಿರೇಕೆರೂರಿನ ಒಬ್ಬ ಫೋಟೋಗ್ರಾಫರ್ ಬಳಿ 900 ಗ್ರಾಂ ಡ್ರೋನ್ ಇದೆ ಎಂದುಕೊಳ್ಳಿ. ಭಾನುವಾರ ತಮ್ಮ ಹೊಲದ ಮೇಲೆ ಖುಷಿಗೆ ಹಾರಿಸಿದರೆ ಪ್ರಮಾಣಪತ್ರ ಬೇಡ. ಸೋಮವಾರ ಹಣ ಪಡೆದು ಮದುವೆ ವಿಡಿಯೋ ಮಾಡಿದರೆ ಬೇಕು. ಅದನ್ನು ಪಡೆಯಲು 18ರಿಂದ 65 ವರ್ಷದೊಳಗಿರಬೇಕು, 10ನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಡ್ರೋನ್ ಅದೇ, ತೂಕ ಅದೇ, ಕೈ ಅದೇ. ಬದಲಾದದ್ದು ಉದ್ದೇಶ ಮಾತ್ರ.

ಮದುವೆ ವಿಡಿಯೋಗೆ ಹೇಳುವವರೂ ಇದನ್ನು ಕೇಳಿಕೊಳ್ಳಬೇಕು: ಡ್ರೋನ್ ನೋಂದಣಿ ಆಗಿದೆಯೇ? ಹಾರಿಸುವವರಿಗೆ ಪ್ರಮಾಣಪತ್ರ ಇದೆಯೇ? ವಿಮೆ ಇದೆಯೇ?

ಇಷ್ಟೊಂದು ಗೊಂದಲ ಯಾಕೆ?

ಯಾಕೆಂದರೆ ನಿಯಮಗಳು ಕೆಲವೇ ವರ್ಷಗಳಲ್ಲಿ ಹಲವು ಬಾರಿ ಬದಲಾದವು. ಹಳೆಯ ಫಾರ್ವರ್ಡ್‌ಗಳು ಮಾತ್ರ ಹಾಗೇ ಉಳಿದವು.

• 2014 ಅಕ್ಟೋಬರ್: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಾರ್ವಜನಿಕ ಸೂಚನೆ ಹೊರಡಿಸಿತು. ನಿಯಮ ಬರುವವರೆಗೆ ಸಾಮಾನ್ಯರು ಡ್ರೋನ್ ಹಾರಿಸಬಾರದು ಎಂದಿತು.
• 2018 ಡಿಸೆಂಬರ್ 1: ಮೊದಲ ನಿಯಮಾವಳಿ ಜಾರಿಗೆ ಬಂತು. 50 ಅಡಿ ಎತ್ತರದೊಳಗೆ ಹಾರುವ ನ್ಯಾನೋಗಳಿಗೆ ನೋಂದಣಿಯಿಂದಲೂ ವಿನಾಯಿತಿ ಇತ್ತು. “ನ್ಯಾನೋಗೆ ಏನೂ ಬೇಡ” ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದ.
• 2021 ಮಾರ್ಚ್: ಇನ್ನೂ ಬಿಗಿಯಾದ ನಿಯಮ ಬಂತು. ತೂಕ 250 ಗ್ರಾಂ ಒಳಗಿದ್ದರೂ ಸೆಕೆಂಡಿಗೆ 15 ಮೀಟರ್‌ಗಿಂತ ವೇಗವಾಗಿ ಹಾರಬಲ್ಲದಾದರೆ, ಅಥವಾ 15 ಮೀಟರ್ ಎತ್ತರ, 100 ಮೀಟರ್ ದೂರ ಮೀರಬಲ್ಲದಾದರೆ ಅದನ್ನು ಮೇಲಿನ ವರ್ಗಕ್ಕೆ ಸೇರಿಸಲಾಗುತ್ತಿತ್ತು.
• 2021 ಆಗಸ್ಟ್ 25: ಈಗಿನ ನಿಯಮ. ವೇಗ, ಎತ್ತರದ ಷರತ್ತು ಹೋಯಿತು, ವರ್ಗೀಕರಣಕ್ಕೆ ತೂಕವಷ್ಟೇ ಉಳಿಯಿತು.
• 2022 ಫೆಬ್ರವರಿ: ಪೈಲಟ್ ‘ಲೈಸೆನ್ಸ್’ ಹೋಗಿ ತರಬೇತಿ ಸಂಸ್ಥೆಯೇ ಕೊಡುವ ಪ್ರಮಾಣಪತ್ರ ಬಂತು. ಅದೇ ತಿಂಗಳು ಪೂರ್ಣ ತಯಾರಾದ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಲಾಯಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳಿಗೆ ಅಡ್ಡಿಯಿಲ್ಲ.
• 2025 ಸೆಪ್ಟೆಂಬರ್: ನಾಗರಿಕ ಡ್ರೋನ್‌ಗಳಿಗೇ ಪ್ರತ್ಯೇಕ ಕಾಯ್ದೆ ತರಲು ಮಸೂದೆಯ ಕರಡನ್ನು ಸಚಿವಾಲಯ ಜನರ ಅಭಿಪ್ರಾಯಕ್ಕೆ ಇಟ್ಟಿತು.

2021ರ ಮಾರ್ಚ್‌ನ ನಿಯಮ ನ್ಯಾನೋವನ್ನು ನಿಜಕ್ಕೂ ಆಟಿಕೆಯ ಮಟ್ಟಕ್ಕೆ ಸೀಮಿತಗೊಳಿಸಿತ್ತು. ಒಂದು ತೆಂಗಿನ ಮರದ ಎತ್ತರ, ಊರ ಶಾಲೆಯ ಮೈದಾನದ ಉದ್ದ, ಅಷ್ಟೇ. ಇವತ್ತಿನ 249 ಗ್ರಾಂ ಕ್ಯಾಮೆರಾ ಡ್ರೋನ್‌ಗಳು ಕಿಲೋಮೀಟರ್‌ಗಟ್ಟಲೆ ದೂರ ಹೋಗಬಲ್ಲವು. ತೂಕ ಆಟಿಕೆಯದು, ಸಾಮರ್ಥ್ಯ ಆಟಿಕೆಯದಲ್ಲ.

250 ಗ್ರಾಂ ಎಂಬ ಗೆರೆ ಎಲ್ಲಿಂದ ಬಂತು?

ಇದು ಪ್ರಕೃತಿ ಹಾಕಿದ ಗೆರೆ ಅಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ನೇಮಿಸಿದ ಕಾರ್ಯಪಡೆಯೊಂದು ಹೀಗೆ ಲೆಕ್ಕ ಹಾಕಿತು: ಡ್ರೋನ್ ಕೆಟ್ಟು ಬಿದ್ದರೆ ಕೆಳಗಿದ್ದವರ ತಲೆಗೆ ಎಷ್ಟು ಶಕ್ತಿಯಲ್ಲಿ ಬಡಿಯುತ್ತದೆ? ಸುಮಾರು 80 ಜೂಲ್ ಶಕ್ತಿಯನ್ನು ಅಪಾಯದ ಗೆರೆಯಾಗಿ ತೆಗೆದುಕೊಂಡರು. 250 ಗ್ರಾಂ ವಸ್ತು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬಂದರೆ ಹತ್ತಿರಹತ್ತಿರ ಅಷ್ಟೇ ಶಕ್ತಿ.

80 ಜೂಲ್ ಎಂದರೆ ಎಷ್ಟು? ಒಂದು ಕೆ.ಜಿ. ತೂಕದ ತೆಂಗಿನಕಾಯಿ 8 ಮೀಟರ್ ಎತ್ತರದಿಂದ ಬಿದ್ದಷ್ಟು. ತೆಂಗಿನ ಮರದ ಕೆಳಗೆ ಯಾಕೆ ಮಲಗಬಾರದು ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂದರೆ 250 ಗ್ರಾಂ ಎಂಬುದು ‘ಅಪಾಯವೇ ಇಲ್ಲ’ ಎಂಬ ಗೆರೆ ಅಲ್ಲ. ‘ಅಪಾಯ ಗಂಭೀರವಾಗುವ’ ಗೆರೆ. ಅದೇ ವೇಗದಲ್ಲಿ 900 ಗ್ರಾಂ ಡ್ರೋನ್ ಬಿದ್ದರೆ ಸುಮಾರು 280 ಜೂಲ್, 2 ಕೆ.ಜಿ.ಯದು ಬಿದ್ದರೆ 600 ಜೂಲ್ ದಾಟುತ್ತದೆ.

ಗೆರೆ ಎಲ್ಲ ಕಡೆ ಒಂದೇ ಇಲ್ಲ ಎಂಬುದೂ ಗೊತ್ತಿರಲಿ. ಜಪಾನ್‌ನಲ್ಲಿ ಮೊದಲು 200 ಗ್ರಾಂ ಇತ್ತು. ಅದಕ್ಕಾಗಿ ಕಂಪನಿಯೊಂದು 249 ಗ್ರಾಂ ಡ್ರೋನನ್ನು ಅಲ್ಲಿಗೆಂದೇ 199 ಗ್ರಾಂಗೆ ಇಳಿಸಿ ಮಾರಿತು. 2022ರ ಜೂನ್ 20ರಿಂದ ಜಪಾನ್ ಆ ಗೆರೆಯನ್ನು 100 ಗ್ರಾಂಗೆ ಇಳಿಸಿತು.

ತಕ್ಕಡಿ ಅಳೆಯದ ಎರಡು ಸಂಗತಿ

ಬಿದ್ದರೆ ಎಷ್ಟು ಪೆಟ್ಟಾದೀತು ಎಂಬುದನ್ನು ತೂಕ ಹೇಳುತ್ತದೆ. ಸರಳ, ಎಲ್ಲರೂ ತಕ್ಕಡಿಯಲ್ಲಿಟ್ಟು ನೋಡಬಹುದು. ಹಾಗಾಗಿ ಮೊದಲ ಅಳತೆಯಾಗಿ ತೂಕ ಸರಿಯೇ. ಆದರೆ ಎರಡು ಸಂಗತಿ ಅದರಲ್ಲಿ ಕಾಣುವುದಿಲ್ಲ.

ಮೊದಲನೆಯದು ಕೆಳಗೆ ಯಾರಿದ್ದಾರೆ ಎಂಬುದು. ಖಾಲಿ ಹೊಲದ ಮೇಲೆ ಬಿದ್ದ 2 ಕೆ.ಜಿ. ಡ್ರೋನ್ ಯಾರಿಗೂ ತಾಗದೆ ಹೋಗಬಹುದು. ಹೋರಿ ಹಬ್ಬದ ಗುಂಪಿನ ಮೇಲೆ ಬಿದ್ದ 240 ಗ್ರಾಂ ಡ್ರೋನ್ ಒಬ್ಬರ ಕಣ್ಣು ತೆಗೆಯಬಹುದು. ಅಲ್ಲಿ ಜನರಿಗೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಎಲ್ಲರ ಕಣ್ಣು ಹೋರಿಯ ಮೇಲೆ, ಯಾರೂ ಮೇಲೆ ನೋಡುತ್ತಿರುವುದಿಲ್ಲ. ಹೋರಿ ತಿವಿದು ಸಾವು ನೋವು ಆಗಿರುವ ಕ್ರೀಡೆ ಇದು. ಮೊದಲೇ ಬೆದರಿದ ಪ್ರಾಣಿಯ ಪಕ್ಕ ಗುಂಯ್‌ಗುಡುವ ಯಂತ್ರವೊಂದು ಬಿದ್ದರೆ, ಪೆಟ್ಟು ಡ್ರೋನ್‌ನಿಂದಲೇ ಆಗಬೇಕೆಂದಿಲ್ಲ.

ಎರಡನೆಯದು ಕ್ಯಾಮೆರಾ. ಮನೆಯ ಹಿತ್ತಲು, ತಾರಸಿ, ಬಚ್ಚಲು, ಕೆರೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಎಲ್ಲವೂ ಮೇಲಿನಿಂದ ಕಾಣುತ್ತದೆ. ಕ್ಯಾಮೆರಾ ಎಷ್ಟು ಹಗುರವೋ ಅಷ್ಟು ಸದ್ದಿಲ್ಲದೆ ನೋಡಬಲ್ಲದು. ಖಾಸಗಿತನದ ವಿಷಯದಲ್ಲಿ ಹಗುರ ಡ್ರೋನ್ ಕಡಿಮೆ ಅಪಾಯಕಾರಿ ಅಲ್ಲ. ನಮ್ಮ ಡ್ರೋನ್ ನಿಯಮಗಳ ವರ್ಗೀಕರಣದಲ್ಲಿ ಕ್ಯಾಮೆರಾ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬೇರೆ ಕಾನೂನುಗಳಿವೆ. ಮಹಿಳೆಯನ್ನು ಆಕೆಯ ಖಾಸಗಿ ಸಮಯದಲ್ಲಿ ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಅಪರಾಧ. ಯಾರದೇ ದೇಹದ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಅಡಿ ಅಪರಾಧ. ಮೊಬೈಲಿಂದ ತೆಗೆದರೂ ಅಷ್ಟೇ, ಡ್ರೋನಿಂದ ತೆಗೆದರೂ ಅಷ್ಟೇ.

ಯುರೋಪ್ ಇದನ್ನು ಹೇಗೆ ಬಿಡಿಸಿತು?

2020ರ ಡಿಸೆಂಬರ್ 31ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಜಾರಿಯಲ್ಲಿರುವ ನಿಯಮ ತೂಕದ ಜೊತೆಗೆ ಈ ಎರಡನ್ನೂ ಸೇರಿಸಿಕೊಂಡಿದೆ. ಸಾಮಾನ್ಯ ಬಳಕೆಯ ವರ್ಗದಲ್ಲಿ 250 ಗ್ರಾಂ ಒಳಗಿನ ಡ್ರೋನ್ ಒಬ್ಬಿಬ್ಬರು ದಾರಿಹೋಕರ ಮೇಲೆ ಹಾದುಹೋಗಬಹುದು. ಆದರೆ ಜನಸಂದಣಿಯ ಮೇಲೆ ಹಾರುವಂತಿಲ್ಲ, ಎಷ್ಟೇ ಹಗುರವಿದ್ದರೂ. ಜನಸಂದಣಿ ಎಂದರೆ ಎಷ್ಟು ಜನ ಎಂದು ಅವರು ಸಂಖ್ಯೆ ಹಾಕಿಲ್ಲ. ಡ್ರೋನ್ ಬೀಳುವಾಗ ಪಕ್ಕಕ್ಕೆ ಸರಿಯಲಾಗದಷ್ಟು ಒತ್ತಾಗಿ ನಿಂತಿದ್ದರೆ ಅದು ಜನಸಂದಣಿ. ಹೋರಿ ಅಖಾಡ, ತೇರಿನ ಬೀದಿ ನೆನಪಿಸಿಕೊಳ್ಳಿ.

ಅಲ್ಲಿ ನಮ್ಮ ‘ಮೈಕ್ರೋ’ದಷ್ಟು ದೊಡ್ಡ ಡಬ್ಬವೂ ಇಲ್ಲ. 250 ಗ್ರಾಂ ಆದ ಮೇಲೆ 900 ಗ್ರಾಂನಲ್ಲಿ ಇನ್ನೊಂದು ಗೆರೆ ಇದೆ. ಕ್ಯಾಮೆರಾ ಇದ್ದರೆ, ಅದು ಮಕ್ಕಳ ಆಟಿಕೆಯೆಂದೇ ಪ್ರಮಾಣಿತವಾಗಿರದಿದ್ದರೆ, 250 ಗ್ರಾಂ ಒಳಗಿದ್ದರೂ ಹಾರಿಸುವವರು ನೋಂದಾಯಿಸಿಕೊಳ್ಳಬೇಕು.

ಹಾಗಾದರೆ ವರ್ಗೀಕರಣ ಹೇಗಿರಬೇಕು?

ನಮಗೆ ಸರಿ ಎನಿಸುವುದು ಇಷ್ಟು: ಕಾಗದಪತ್ರ ಎಷ್ಟು ಬೇಕು ಎಂಬುದನ್ನು ತೂಕ ನಿರ್ಧರಿಸಲಿ. ಎಲ್ಲಿ ಹಾರಿಸಬಹುದು ಎಂಬುದನ್ನು ಕೆಳಗಿರುವ ಜನ ನಿರ್ಧರಿಸಲಿ. ಕ್ಯಾಮೆರಾ ಇದೆ ಎಂದಾದರೆ ಅದು ಯಾರದು ಎಂದು ಪತ್ತೆಯಾಗುವಂತಿರಲಿ. ‘ಆಟಿಕೆ’ ಎಂಬ ಹೆಸರು ಕ್ಯಾಮೆರಾ ಇಲ್ಲದ, ಅಂಗಳ ದಾಟದ ಯಂತ್ರಗಳಿಗೆ ಮಾತ್ರ ಉಳಿಯಲಿ. 251 ಗ್ರಾಂನದನ್ನೂ 2 ಕೆ.ಜಿ.ಯದನ್ನೂ ಒಂದೇ ವರ್ಗದಲ್ಲಿ ಇಡುವ ಬದಲು ನಡುವೆ ಒಂದು ಗೆರೆ ಬರಲಿ.

ನಿಯಮ ಬಿಗಿ ಮಾಡಿದರೆ ಊರಿನ ಹುಡುಗರ ದುಡಿಮೆಗೆ ಕಲ್ಲು ಹಾಕಿದಂತೆ ಎನ್ನುವವರಿದ್ದಾರೆ. ಆ ಆತಂಕ ಸುಳ್ಳಲ್ಲ. ತರಬೇತಿಗೆ ಖರ್ಚಾಗುತ್ತದೆ, ತಾಲ್ಲೂಕು ಕೇಂದ್ರಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಆದರೆ ಗುಂಪಿನ ನೆತ್ತಿಯ ಮೇಲೆ ಹಾರಿಸಬೇಡ, ಪಕ್ಕದಿಂದ ಹಾರಿಸು ಎನ್ನುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ವಿಡಿಯೋ ಚಂದವಾಗಿಯೇ ಬರುತ್ತದೆ.

ನಮ್ಮ 4 ತಾಲ್ಲೂಕುಗಳಲ್ಲಿ ಎಲ್ಲಿ ಹಾರಿಸಬಹುದು?

ಹತ್ತಿರದ ವಿಮಾನ ನಿಲ್ದಾಣಗಳು ಹುಬ್ಬಳ್ಳಿ ಮತ್ತು ಶಿವಮೊಗ್ಗದ ಸೋಗಾನೆ. ಹಿಂದೆ ನಿಲ್ದಾಣದ ಸುತ್ತ 45 ಕಿ.ಮೀ. ವರೆಗೆ ಹಳದಿ ವಲಯ ಇತ್ತು. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಶಿಗ್ಗಾಂವಿ ಪಟ್ಟಣ ಹುಬ್ಬಳ್ಳಿ ನಿಲ್ದಾಣದಿಂದ 45 ಕಿ.ಮೀ. ಅಂಚಿನಲ್ಲೇ ಬೀಳುತ್ತದೆ. ಈಗ ಆ ಅಳತೆ 12 ಕಿ.ಮೀ.ಗೆ ಇಳಿದಿದೆ. ಆದ್ದರಿಂದ ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು ನಾಲ್ಕೂ ಪಟ್ಟಣಗಳು ವಿಮಾನ ನಿಲ್ದಾಣದ ನಿರ್ಬಂಧದಿಂದ ಹೊರಗಿವೆ.

ಹಾಗಂತ ಎಲ್ಲವೂ ಮುಕ್ತ ಎಂದಲ್ಲ:

• ಹಾರಿಸುವ ಮುನ್ನ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆ ನೋಡಿ. ಇವತ್ತು ಹಸಿರು ಇದ್ದದ್ದು ನಾಳೆ ಬದಲಾಗಬಹುದು.
• ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ತುರ್ತು ಇದ್ದಾಗ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಗಣ್ಯರ ಭೇಟಿ, ದೊಡ್ಡ ಜಾತ್ರೆ, ಗಲಾಟೆಯ ಸಮಯದಲ್ಲಿ ಮೊದಲು ಠಾಣೆಯಲ್ಲಿ ವಿಚಾರಿಸಿ. ಆಗ ನ್ಯಾನೋ ಎಂಬ ನೆಪ ನಡೆಯುವುದಿಲ್ಲ.
• ಹಾನಗಲ್ಲಿನ ತಾರಕೇಶ್ವರ ದೇವಾಲಯದಂಥ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು.
• ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ನವಿಲುಧಾಮದಂಥ ಜಾಗದಲ್ಲಿ ಅರಣ್ಯ ಇಲಾಖೆಯವರನ್ನು ಕೇಳದೆ ಹಾರಿಸಬೇಡಿ. ಹಕ್ಕಿಗಳಿಗೆ ಡ್ರೋನ್ ಎಂದರೆ ಬೇಟೆಯಾಡಲು ಬಂದ ಇನ್ನೊಂದು ಹಕ್ಕಿ.
• ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇಟ್ಟುಕೊಳ್ಳಿ. 2025ರ ಜನವರಿ 9ರಂದು ಲಾಸ್ ಏಂಜಲೀಸ್ ಕಾಳ್ಗಿಚ್ಚಿನ ವೇಳೆ ಒಬ್ಬರು ಕ್ಯಾಮೆರಾ ಡ್ರೋನನ್ನು 2.5 ಕಿ.ಮೀ. ಆಚೆ ಕಳಿಸಿ, ಅದು ಎಲ್ಲಿದೆ ಎಂದು ಕಾಣದೆ ಹೋದರು. ಅದು ಬೆಂಕಿ ಆರಿಸುತ್ತಿದ್ದ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ವಿಮಾನ ಸುರಕ್ಷಿತವಾಗಿ ಇಳಿದರೂ ರಿಪೇರಿಗೆ ನಿಲ್ಲಿಸಬೇಕಾಯಿತು.

ನಮ್ಮ ಮನೆ ಮೇಲೆ ಡ್ರೋನ್ ಬಂದರೆ ಹೊಡೆದು ಬೀಳಿಸಬಹುದೇ?

ಇದೂ ಫಾರ್ವರ್ಡ್‌ಗಳಲ್ಲಿ ಬರುವ ಮಾತು. ಬೇಡ. ಬೇರೆಯವರ ವಸ್ತುವನ್ನು ಬೇಕೆಂದೇ ಹಾಳು ಮಾಡುವುದು ಅಪರಾಧ. ಅದು ಯಾರದ್ದಾದರೂ ತಲೆ ಮೇಲೆ ಬಿದ್ದರೆ ಹೊಣೆ ಕಲ್ಲು ಹೊಡೆದವರದ್ದೂ ಆಗಬಹುದು. ಒಡೆದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಲೂಬಹುದು, ಹುಲ್ಲಿನ ಬಣವೆ ಇರುವ ಹಿತ್ತಲಲ್ಲಿ ಇದು ಸಣ್ಣ ಮಾತಲ್ಲ. ಮೇಲಾಗಿ ಅದು ಸರ್ಕಾರಿ ಸರ್ವೆ ಡ್ರೋನ್ ಆಗಿರಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮದ ಮನೆಜಾಗಗಳ ಅಳತೆಯನ್ನು ಡ್ರೋನ್‌ನಿಂದಲೇ ಮಾಡುತ್ತಾರೆ, ಅದರ ಮೊದಲ ಹಂತದಲ್ಲೇ ಕರ್ನಾಟಕ ಇತ್ತು.

ಅನುಮಾನ ಬಂದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಸಮಯ ಬರೆದಿಟ್ಟುಕೊಳ್ಳಿ, ಹಾರಿಸುವವರು ಕಂಡರೆ ಕೇಳಿ. ತೃಪ್ತಿಯಾಗದಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಠಾಣೆಗೆ ದೂರು ಕೊಡಿ.

ತೀರ್ಮಾನ

250 ಗ್ರಾಂ ಒಳಗಿನ ಡ್ರೋನ್‌ಗೆ ಯಾವ ನಿಯಮವೂ ಇಲ್ಲ ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಪೈಲಟ್ ಪ್ರಮಾಣಪತ್ರ, ಟೈಪ್ ಸರ್ಟಿಫಿಕೇಟ್, ವಿಮೆಯ ವಿನಾಯಿತಿ ನಿಜ. ವಲಯ, ಎತ್ತರ, ಸುರಕ್ಷತೆ, ಖಾಸಗಿತನದ ವಿಷಯದಲ್ಲಿ ವಿನಾಯಿತಿ ಇಲ್ಲ.

ನಿಮ್ಮ ಗ್ರೂಪಿನಲ್ಲಿ ಆ ಹಳೆಯ ಫಾರ್ವರ್ಡ್ ಮತ್ತೆ ಬಂದರೆ ಇದನ್ನು ಕಳಿಸಿ: “250 ಗ್ರಾಂ ಒಳಗಿದ್ದರೆ ಕಾಗದ ಕಡಿಮೆ, ಜವಾಬ್ದಾರಿ ಕಡಿಮೆ ಅಲ್ಲ. ಜನರ ತಲೆ ಮೇಲೆ ಹಾರಿಸಬೇಡಿ. 120 ಮೀಟರ್ ಮೇಲೆ ಹೋಗಬೇಡಿ. ಹಾರಿಸುವ ಮುಂಚೆ ನಕ್ಷೆ ನೋಡಿ.”